ಏಳು ತಿಂಗಳಿಗೆ ಒಂಬತ್ತು ದಿನ ಕಡಿಮೆ

ಕಳೆದ ಚಳಿಗಾಲ ಜೆರುಷಾ ಪೀಕ್ ತೀರಿಕೊಂಡಾಗ ನಮ್ಮ ಹೊಸ ಪಾದ್ರಿ ಒಂದು ಪದ್ಯ ಬರೆದು ಅವಳ ಶವಪೆಟ್ಟಿಗೆಯ ಮೇಲೆ ಅಂಟಿಸಿದ. ನಮ್ಮಲ್ಲಿ ಅದು ರೂಢಿ. ಹೂಳುವ ಜಾಗದಲ್ಲಿ ಪ್ರಾರ್ಥನೆ ಮಾಡುವ ಹಾಗಿಲ್ಲ, ಸತ್ತವರನ್ನು ಹೊಗಳುವ ಹಾಗೂ ಇಲ್ಲ. ಕಾಗದದಲ್ಲಿ ಬರೆದು ಅಂಟಿಸಿದರೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. ಪಾದ್ರಿ ಇನ್ನೂ ಹುಡುಗ, ಊರಿಗೆ ಬಂದು ವರ್ಷವಾಗಿಲ್ಲ, ಅವನಿಗೇನು ಗೊತ್ತು? 'ಮೃದುಭಾಷಿಣಿ, ವಿಧೇಯಳು, ಸಭೆಯ ಮಾತಿಗೆ ಎಂದೂ ಎದುರಾಡದವಳು' ಎಂದು ಬರೆದಿದ್ದ. ಓದಿ ನನಗೆ ನಗು ತಡೆಯಲಾಗಲಿಲ್ಲ. ಹೆಣದ ಮುಂದೆ ನಗುವ ಮುದುಕಿಗೆ ಅರುಳುಮರುಳು ಎಂದು ಜನ ಅಂದುಕೊಂಡರು. ಅಂದುಕೊಳ್ಳಲಿ. ಜೆರುಷಾಳ ವಿಷಯವನ್ನು ಇದ್ದದ್ದು ಇದ್ದ ಹಾಗೆ ಹೇಳಬಲ್ಲವರು ಅವಳ ಕಾಲದವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ.

ನಾನು ಡಾರ್ಕಸ್ ಟಪ್ಪರ್, ಅಲ್ಡರ್‌ಫರ್ಡಿನ ಸೂಲಗಿತ್ತಿ. ಈ ಊರಿನ ಅರ್ಧ ಜನ ಭೂಮಿಗೆ ಬಂದಾಗ ಮೊದಲು ಮುಟ್ಟಿದ್ದು ನನ್ನ ಕೈಯನ್ನೇ. ಮೊದಲು ನನ್ನ ವಿಷಯವನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವಳದು ಅರ್ಥವಾಗುವುದಿಲ್ಲ. ಮದುವೆಯಾಗಿ ಏಳು ತಿಂಗಳೊಳಗೆ ಮಗು ಹುಟ್ಟಿದರೆ ಗಂಡಹೆಂಡತಿ ಇಬ್ಬರೂ ಸಬ್ಬತ್ ದಿನ, ಎಂದರೆ ಭಾನುವಾರದ ಆರಾಧನೆಯ ದಿನ, ಸಭಾಮನೆಯಲ್ಲಿ ಎಲ್ಲರ ಮುಂದೆ ನಿಂತು, ಮದುವೆಗೆ ಮೊದಲೇ ಕೂಡಿದ್ದೆವು ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಕ್ಷಮೆ, ಮುಂದಿನ ವಾರ ಮಗುವಿಗೆ ದೀಕ್ಷಾಸ್ನಾನ. ಒಪ್ಪಿಕೊಳ್ಳದಿದ್ದರೆ ಮಗುವಿನ ತಲೆಗೆ ನೀರಿಲ್ಲ. ನನ್ನ ಹಿರಿಮಗ ಹುಟ್ಟಿದ್ದು ಮದುವೆಯಾದ ನಾಲ್ಕು ತಿಂಗಳಿಗೆ, ಮೈಕೈ ತುಂಬಿಕೊಂಡು, ತಲೆತುಂಬ ಕೂದಲು ಇಟ್ಟುಕೊಂಡು. ಅವನನ್ನು ನೋಡಿ ದಿನ ತುಂಬದ ಮಗು ಎನ್ನಲು ಕುರುಡನಿಗೂ ಬಾಯಿ ಬರುತ್ತಿರಲಿಲ್ಲ. ನಾನೂ ನನ್ನ ಗಂಡ ನೆಹೆಮಾಯನೂ ನಿಂತೆವು, ಹೌದು ಎಂದೆವು, ನಾನು ಸ್ವಲ್ಪ ಅತ್ತೆ. ಅಲ್ಲಿಗೆ ಮುಗಿಯಿತು. ಮಾಡಿದ್ದು ನಿಜ, ಹೇಳಿದ್ದೂ ನಿಜ.

ಜೆರುಷಾ ಕಡಲಂಚಿನ ಊರಿನವಳು. ನಮ್ಮೂರಿನ ಜೇಬೆಜ್ ಪೀಕ್ ಪೀಪಾಯಿ ಮಾಡುವವನು. ಉಪ್ಪುಮೀನಿನ ಪೀಪಾಯಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಅಲ್ಲಿಗೆ ಹೋಗಿ ಬಂದು ಮಾಡುತ್ತಿದ್ದ. ಒಂದು ಸಲ ಖಾಲಿ ಗಾಡಿಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಬಂದ. ಅಗಲ ಭುಜ, ದೊಡ್ಡ ನಗು, ಬಾಯಿಗೆ ಬಂದದ್ದನ್ನು ತುಟಿಯ ಹಿಂದೆ ತಡೆದಿಟ್ಟುಕೊಂಡು ಗೊತ್ತೇ ಇಲ್ಲ. ಅವಳು ಮಾಡುವ ಚೀಸ್‌ಗೆ ಸುತ್ತಮುತ್ತ ಸರಿಸಾಟಿ ಇರಲಿಲ್ಲ. ಬಂದ ತಿಂಗಳಲ್ಲೇ ಡೀಕನ್ ಕ್ರೌಚ್‌ರ ಹೆಂಡತಿ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಉಪ್ಪು ಒಂಚೂರು ಮುಂದಾಯ್ತು ಕಣಮ್ಮ" ಎಂದರು. "ಹಂಗಾದ್ರೆ ಮೂರನೇ ತುಂಡು ಯಾಕೆ ಕೈಲಿದೆ?" ಎಂದು ಜೆರುಷಾ ಕೇಳಿದಳು. ಡೀಕನ್ ಎಂದರೆ ನಮ್ಮಲ್ಲಿ ಪಾದ್ರಿಯ ನಂತರದವರು, ಸಭೆಯ ಕೈ ಮತ್ತು ಕಣ್ಣು. ಅವರ ಹೆಂಡತಿಗೆ ಹಾಗೆ ಹೇಳಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಮದುವೆಯಾದದ್ದು ಎಲೆಯೆಲ್ಲ ಉದುರಿದ ಮೇಲೆ. ಸೇಬಿನ ಮರ ಹೂಬಿಟ್ಟ ವಾರ ಒಂದು ಬೆಳಿಗ್ಗೆ ಅವಳು ಚೀಸ್ ಒತ್ತುವ ಕಲ್ಲನ್ನು ಎತ್ತಿಕೊಂಡು ಒದ್ದೆ ಹಲಗೆಯ ಮೇಲೆ ಜಾರಿ ಬಿದ್ದಳು. ನಾನು ಓಡಿ ಹೋಗುವಷ್ಟರಲ್ಲಿ ನೋವು ಶುರುವಾಗಿತ್ತು. ಮಧ್ಯಾಹ್ನಕ್ಕೆ ಹೆಣ್ಣುಮಗು. ನನ್ನ ಅಂಗೈಯಿಂದ ಮೊಣಕೈವರೆಗೂ ಇರಲಿಲ್ಲ. ಉಗುರು ಬೆರಳ ತುದಿಗೆ ಬಂದಿರಲಿಲ್ಲ, ಬೆನ್ನ ಮೇಲೆಲ್ಲ ನವಿರಾದ ಕೂದಲು, ಮೊಲೆ ಚೀಪುವುದಕ್ಕೂ ಶಕ್ತಿಯಿಲ್ಲ. ಬುಟ್ಟಿಗೆ ಕುರಿಯ ಉಣ್ಣೆ ತುಂಬಿ, ಒಲೆಯ ಪಕ್ಕ ಇಟ್ಟು, ಬಟ್ಟೆಯ ತುದಿಯಿಂದ ಹಾಲು ತೊಟ್ಟಿಕ್ಕಿಸಿ ಬದುಕಿಸಿದೆವು. ಜೆರುಷಾ ಅವಳಿಗೆ ಹುಲ್ದಾ ಎಂದು ಹೆಸರಿಟ್ಟಳು. ದಿನ ತುಂಬದ ಮಗು ಎನ್ನಲು ಸೂಲಗಿತ್ತಿಯೇ ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು.

ಎರಡು ವಾರಕ್ಕೆ ಥ್ರೂಪ್ ಪಾದ್ರಿಗಳೂ ಡೀಕನ್ ಕಾಲೇಬ್ ಕ್ರೌಚ್‌ರೂ ಬಂದರು. ನಾನು ಅಲ್ಲೇ ಇದ್ದೆ. ಡೀಕನ್ ಒಳ್ಳೆಯವರೇ. ಒಂದು ಮೊಳೆಯನ್ನೂ ಕದ್ದವರಲ್ಲ, ಒಂದು ಸುಳ್ಳನ್ನೂ ಆಡಿದವರಲ್ಲ. ಆದರೆ ಅವರ ಮಟ್ಟಿಗೆ ನಿಯಮ ಎಂದರೆ ನಿಯಮ.

"ಮದುವೆ ಆದ ದಿನ ನೆನಪಿದೆಯಾ, ತಂಗಿ?" ಎಂದು ಕೇಳಿದರು.

"ನಿಮಗೇ ನೆನಪಿರಬೇಕಲ್ಲ. ಮದುವೆಗೆ ಅಂತ ನನ್ನ ತವರಿಗೆ ಬಂದು ಎರಡೆರಡು ತಟ್ಟೆ ಊಟ ಮಾಡಿ ಹೋಗಿದ್ರಿ."

"ಏಳು ತಿಂಗಳಿಗೆ ಒಂಬತ್ತು ದಿನ ಕಡಿಮೆ ಬರ್ತದೆ."

"ಹೌದು. ನಾನು ಜಾರಿ ಬಿದ್ದೆ, ಮಗು ಬಂತು. ಇನ್ನೊಂಬತ್ತು ದಿನ ಒಳಗೇ ಇರಮ್ಮ, ಡೀಕನ್ನರು ಲೆಕ್ಕ ಹಾಕ್ತಾರೆ ಅಂತ ಹೇಳೋಕೆ ಪುರುಸೊತ್ತಾಗ್ಲಿಲ್ಲ."

ನಾನು ನಡುವೆ ಬಾಯಿ ಹಾಕಿದೆ. "ಅಯ್ಯನವರೇ, ಈ ಮಗೂನ ಹಿಡಿದವಳು ನಾನು. ಇದು ದಿನ ತುಂಬಿದ್ದಲ್ಲ. ಬೇಕಾದ್ರೆ ಬೈಬಲ್ ಮುಟ್ಟಿ ಹೇಳ್ತೀನಿ."

ಪಾದ್ರಿಗಳು ಡೀಕನ್ನರ ಮುಖ ನೋಡಿದರು. ಡೀಕನ್ನರು ಮೆತ್ತಗೆ, ನೋವಾಗಬಾರದು ಎನ್ನುವ ಹಾಗೆ ಹೇಳಿದರು: "ಸಹೋದರಿ ಟಪ್ಪರ್, ಬೇರೆ ವಿಷಯ ಆಗಿದ್ರೆ ನಿಮ್ಮ ಮಾತು ಸಾಕಿತ್ತು. ಈ ವಿಷಯದಲ್ಲಿ ನೀವೂ ಅಲ್ಲಿ ನಿಂತವರೇ ಅಲ್ವಾ?"

ನನ್ನ ಕಿವಿ ಬಿಸಿಯಾಯಿತು. "ಅವತ್ತು ತೊಳೆದುಹೋಯ್ತು ಅಂದ್ರಲ್ಲ?"

"ದೇವರ ಲೆಕ್ಕದಲ್ಲಿ ತೊಳೆದುಹೋಗಿದೆ."

"ಮತ್ತೆ ನಿಮ್ಮ ಲೆಕ್ಕದಲ್ಲಿ?"

ಅವರು ಟೋಪಿ ತಲೆಗಿಟ್ಟುಕೊಂಡು ಬಾಗಿಲ ಕಡೆ ಹೊರಟರು. ಹತ್ತು ವರ್ಷದ ಹಿಂದಿನ ನನ್ನ ಕಣ್ಣೀರು ಹಾಗೇ ವ್ಯರ್ಥವಾಗಿತ್ತು ಎಂದು ನನಗೆ ಗೊತ್ತಾದದ್ದು ಅವತ್ತು. ಆ ಕೋಪ ಇವತ್ತಿಗೂ ಆರಿಲ್ಲ.

ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಜೆರುಷಾಳಿಗೆ ಬುದ್ಧಿ ಹೇಳಿದರು. ಐದು ಉಸಿರಿನ ಕೆಲಸ, ನಿಂತು ಹೌದು ಅಂದುಬಿಡು, ಇಂಥ ಸಣ್ಣ ಮಗು ಇವತ್ತೋ ನಾಳೆಯೋ ಎನ್ನುವ ಹಾಗಿದೆ, ನೀರಿಲ್ಲದೆ ಹೋಗಿಬಿಟ್ಟರೆ ಏನು ಗತಿ ಎಂದರು. ನಾನೂ ಅದನ್ನೇ ಹೇಳಿದೆ. ನಾಚಿಕೆಯಿಲ್ಲದೆ ಹೇಳಿದೆ.

"ಡಾರ್ಕಸಕ್ಕ, ನೀನು ಅವತ್ತು ನಿಂತು ಹೇಳಿದ್ದು ನಿಜ ಇತ್ತು," ಎಂದಳು ಜೆರುಷಾ. "ನಾನು ಹೇಳಿದ್ರೆ ಸುಳ್ಳಾಗ್ತದೆ. ದೇವರ ಮುಂದೆ ನಿಂತು ಸುಳ್ಳು ಹೇಳಿ, ಆ ಸುಳ್ಳಿನ ಬಲದ ಮೇಲೆ ನನ್ನ ಮಗಳ ತಲೆಗೆ ನೀರು ಹಾಕಿಸ್ಲಾ? ಅದು ನೀರಾ, ಕೊಚ್ಚೇನಾ?"

ಜೇಬೆಜ್ ಮೆದು ಮನುಷ್ಯ. ಮಗುವಿನ ಬುಟ್ಟಿಯೊಳಗೆ ಇಣುಕುವಾಗಲೂ ಉಸಿರು ಬಿಗಿಹಿಡಿದು ಇಣುಕುತ್ತಿದ್ದ. ಡೀಕನ್ನರು ಅವನನ್ನು ಕೆಲಸದ ಕೊಟ್ಟಿಗೆಯಲ್ಲಿ ಒಬ್ಬನೇ ಸಿಕ್ಕಾಗ ಹಿಡಿದು ಏನೇನೋ ಹೇಳಿದರು. ಅವನು ಹೆಂಡತಿಗೆ ಹೇಳದೆ ಒಪ್ಪಿಕೊಂಡುಬಿಟ್ಟ.

ಆ ಸಬ್ಬತ್ ದಿನ ಎರಡು ಗಂಟೆಯ ಧರ್ಮೋಪದೇಶದ ಪ್ರಸಂಗ ಮುಗಿದ ಮೇಲೆ ಪಾದ್ರಿಗಳು ಒಂದು ಕಾಗದ ಬಿಚ್ಚಿ ಓದಿದರು. ಜೇಬೆಜ್ ಪೀಕ್ ಮತ್ತು ಅವನ ಹೆಂಡತಿ ಜೆರುಷಾ ತಮ್ಮ ಪಾಪವನ್ನು ದೇವರ ಮುಂದೆಯೂ ಸಭೆಯ ಮುಂದೆಯೂ ಒಪ್ಪಿಕೊಳ್ಳುತ್ತಾರೆ ಎಂದು ಅದರಲ್ಲಿತ್ತು. ಗಂಡಸರ ಕಡೆಯ ಬೆಂಚಿನಿಂದ ಜೇಬೆಜ್ ಎದ್ದು ನಿಂತ. ಹೆಂಗಸರ ಕಡೆ ನನ್ನ ಪಕ್ಕದಲ್ಲಿ ಜೆರುಷಾ ಮಗುವನ್ನು ಎದೆಗವಚಿಕೊಂಡು ಕೂತೇ ಇದ್ದಳು. ಅವಳ ಮುಖ ಬಿಳಿಚಿಕೊಂಡಿತು. ಗಂಡ ಹೀಗೆ ಮಾಡುತ್ತಾನೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ಸಹೋದರಿ ಪೀಕ್, ಎದ್ದು ನಿಲ್ಲಿ," ಎಂದರು ಪಾದ್ರಿಗಳು.

ಎದ್ದಳು. ಸದ್ಯ, ದಾರಿಗೆ ಬಂದಳು ಎಂದು ಬೆಂಚು ಬೆಂಚೇ ಉಸಿರುಬಿಟ್ಟಿತು.

"ಎದ್ದಿದ್ದೀನಿ, ಅಯ್ಯನವರೇ. ಹಿಂದಿನ ಬೆಂಚಿನವರಿಗೂ ಕಾಣ್ಲಿ ಅಂತ. ನನ್ನ ಗಂಡನ ಹೆಸರಲ್ಲಿ ನೀವು ಓದಿದ್ದು ಸುಳ್ಳು. ಮದುವೆಗೆ ಮುಂಚೆ ಅವನು ನನ್ನ ಕೈ ಕೂಡ ಹಿಡಿದವನಲ್ಲ. ಹಿಡಿಯೋಕೆ ಅವನಿಗೆ ಧೈರ್ಯ ಎಲ್ಲಿತ್ತು?"

ಮೇಲಿನ ಅಟ್ಟದಲ್ಲಿ ಯಾರೋ ಕಿಸಕ್ಕೆಂದರು. ತೂಕಡಿಸುವವರನ್ನು ತಿವಿಯಲು ಕೋಲು ಹಿಡಿದು ನಿಂತಿದ್ದವನು ನೆಲಕ್ಕೆ ಕೋಲು ಕುಟ್ಟಿದ.

"ಸಭೆಯಲ್ಲಿ ಹೆಂಗಸರು ಮಾತಾಡಬಾರದು!" ಎಂದು ಅವನೇ ಗದರಿದ.

"ಹೌದು ಅನ್ನೋಕೆ ಬಾಯಿ ಬಿಡಬಹುದು, ಇಲ್ಲ ಅನ್ನೋಕೆ ಬಿಡಬಾರದಾ?" ಎಂದು ಕೇಳಿ, ಮಗುವನ್ನು ಎತ್ತಿಕೊಂಡು ನಡುವಿನ ದಾರಿಯಲ್ಲಿ ಬಾಗಿಲವರೆಗೂ ನಡೆದಳು. ಓಡಲಿಲ್ಲ, ತಲೆ ತಗ್ಗಿಸಲಿಲ್ಲ. ಬಾಗಿಲನ್ನು ತಾನೇ ತೆರೆದು ತಾನೇ ಮೆತ್ತಗೆ ಮುಚ್ಚಿಕೊಂಡು ಹೋದಳು.

ಜೇಬೆಜ್ ಇನ್ನೂ ನಿಂತೇ ಇದ್ದ. ಪಾದ್ರಿಗಳು ಅವನ ಕಡೆ ತಿರುಗಿದರು. "ಜೇಬೆಜ್ ಪೀಕ್, ನಿನ್ನ ಮಾತು ನಿಜವೋ, ಅವಳದೋ?"

ಟೋಪಿಯ ಅಂಚನ್ನು ಅವನು ಎಷ್ಟು ಸಲ ತಿರುಗಿಸಿದನೋ ನಾನು ಎಣಿಸಲಿಲ್ಲ. ಹೌದು ಎಂದಿದ್ದರೆ ಅವನೊಬ್ಬನ ಒಪ್ಪಿಗೆಯ ಮೇಲೆಯೇ ಪಾದ್ರಿಗಳು ಮಗುವಿಗೆ ನೀರು ಹಾಕುತ್ತಿದ್ದರೇನೋ.

"ಅವಳದು, ಅಯ್ಯನವರೇ," ಎಂದ. ಆಮೇಲೆ ಅವಳ ಹಿಂದೆಯೇ ಹೊರಟುಹೋದ. ಆ ಮೆದು ಮನುಷ್ಯನ ಮೇಲೆ ನನಗೆ ಅಂದಿನಿಂದ ಗೌರವ ಬಂತು. ನಾನು ಮಾತ್ರ ಕೂತಲ್ಲೇ ಕೂತಿದ್ದೆ. ಅವಳ ಜೊತೆ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಇದನ್ನು ಹೇಳುವಾಗ ಇವತ್ತಿಗೂ ನಾಚಿಕೆಯಾಗುತ್ತದೆ.

ಇಬ್ಬರನ್ನೂ ಸಭೆಯಿಂದ ಹೊರಗಿಟ್ಟರು. ಹೊರಗಿಟ್ಟರು ಎಂದರೆ ಬರಬೇಡಿ ಎಂದಲ್ಲ. ಸಬ್ಬತ್ ದಿನ ಬರದಿದ್ದರೆ ಅದಕ್ಕೆ ಬೇರೆ ಶಿಕ್ಷೆ. ಬರಬೇಕು, ಪ್ರಸಂಗ ಕೇಳಬೇಕು. ತಿಂಗಳಿಗೊಮ್ಮೆ, ಯೇಸುವಿನ ನೆನಪಿಗೆ ಸಭೆಯವರಿಗೆ ಹಂಚುವ ಪ್ರಭುಭೋಜನದ ರೊಟ್ಟಿಯನ್ನು ತಂದಾಗ ಮಾತ್ರ, ಯೋಗ್ಯತೆ ಇಲ್ಲದವರ ಜೊತೆ ಎದ್ದು ಹೋಗಬೇಕು. ಜೆರುಷಾ ಒಂದು ವಾರವೂ ತಪ್ಪಿಸಲಿಲ್ಲ. ಮೊಣಕಾಲುದ್ದ ಹಿಮ ಬಿದ್ದ ದಿನ ಡೀಕನ್ನರೇ ಬಂದಿರಲಿಲ್ಲ, ಅವಳು ಬಂದಿದ್ದಳು. ರೊಟ್ಟಿ ಬಂದಾಗ, ಪಾದ್ರಿಗಳು ಹೇಳುವುದಕ್ಕೆ ಮುಂಚೆ, ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದಳು.

"ಯಾಕೆ ಬರ್ತೀಯೆ ಜೆರುಷಾ? ಜ್ವರ, ನೆಗಡಿ ಅಂತ ಹೇಳಿ ಮನೇಲಿದ್ರೆ ಯಾರು ಕೇಳ್ತಾರೆ?" ಎಂದೆ ಒಮ್ಮೆ.

"ನಾನು ಬರದಿದ್ರೆ ಅವರಿಗೆ ಹಗುರಾಗ್ತದೆ ಅಕ್ಕ. ಅಷ್ಟು ಹಗುರ ಯಾಕೆ ಮಾಡಿಕೊಡ್ಲಿ?"

ಮೊದಲ ವರ್ಷ ಅವಳ ಚೀಸನ್ನು ಯಾರೂ ಮುಟ್ಟಲಿಲ್ಲ. ಎರಡನೇ ವರ್ಷ ಹಿತ್ತಲ ಬಾಗಿಲಿನಿಂದ ಬಂದರು. ಮೂರನೇ ವರ್ಷ ಮುಂದಿನ ಬಾಗಿಲಿನಿಂದಲೇ ಬಂದರು, ನಾಲಿಗೆ ಎಷ್ಟು ದಿನ ಉಪವಾಸ ಮಾಡುತ್ತದೆ? ಹುಲ್ದಾ ಬೆಳೆದಳು. ಸಣ್ಣಕ್ಕೇ ಬೆಳೆದಳು, ಆದರೆ ಗಟ್ಟಿಯಾಗಿ ಬೆಳೆದಳು. ಊರಿನ ಮಕ್ಕಳು ಅವಳನ್ನು 'ಒಣತಲೆ' ಎಂದು ಕರೆಯುತ್ತಿದ್ದರು, ತಲೆಗೆ ನೀರು ಬಿದ್ದಿಲ್ಲವಲ್ಲ. ಒಂದು ದಿನ ಬೇಲಿಯಾಚೆ ನಾಲ್ಕು ಮಕ್ಕಳು ಒಣತಲೆ, ಒಣತಲೆ ಎಂದು ಕೂಗುವುದನ್ನು ಕೇಳಿ ಜೆರುಷಾ ಹೊರಗೆ ಬಂದಳು. "ಹೌದು ಕಣ್ರೋ, ಒಣತಲೆಯೇ. ನಿಮ್ಮ ತಲೆಗೆಲ್ಲ ನೀರು ಹಾಕಿ ಇಷ್ಟು ವರ್ಷ ಆಯ್ತಲ್ಲ, ಏನಾದ್ರೂ ಮೊಳೆತಿದೆಯಾ?" ಮಕ್ಕಳು ತಲೆ ಮುಟ್ಟಿ ನೋಡಿಕೊಂಡು ಓಡಿದವು. ಅವತ್ತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಹುಲ್ದಾಳಿಗೆ ಐದು ವರ್ಷವಾದಾಗ ಊರಿಗೆ ಗಂಟಲು ಬೇನೆ ಬಂತು. ಆ ಶರತ್ಕಾಲ ಹನ್ನೊಂದು ಮಕ್ಕಳನ್ನು ಹೂಳಿದೆವು. ಹುಲ್ದಾಳ ಗಂಟಲು ಊದಿ ಉಸಿರು ಗೊರಗೊರ ಎನ್ನತೊಡಗಿತು. ನಾನು ಬಿಸಿ ಹಾಲಿನಲ್ಲಿ ಬಟ್ಟೆ ಅದ್ದಿ ಕಟ್ಟುತ್ತ ಕೂತಿದ್ದೆ. ಆ ಮಧ್ಯಾಹ್ನ ಥ್ರೂಪ್ ಪಾದ್ರಿಗಳು ಒಬ್ಬರೇ ಬಂದರು. ಅವರ ಸ್ವಂತ ಮೊಮ್ಮಗ ಹಿಂದಿನ ವಾರ ಹೋಗಿದ್ದ. ಕಣ್ಣು ಕೆಂಪಗಿತ್ತು.

"ಜೆರುಷಾ, ಈಗಲಾದ್ರೂ ಒಂದು ಮಾತು ಹೇಳು. ಸಭೆ ಬೇಡ, ಜನ ಬೇಡ, ನನ್ನೆದುರು ಹೇಳಿದ್ರೆ ಸಾಕು. ಡೀಕನ್ನರನ್ನ ನಾನು ಒಪ್ಪಿಸ್ತೀನಿ. ಮನೇಲಿ ಹಾಕೋ ಹಾಗಿಲ್ಲ, ಬರೋ ಸಬ್ಬತ್ ದಿನ ಸಭಾಮನೇಲಿ ಮಗೂಗೆ ನೀರು ಹಾಕ್ತೀನಿ."

ಅವಳು ಮಗುವಿನ ಕೈ ಬಿಡಲಿಲ್ಲ. "ಅಯ್ಯನವರೇ, ಲೋಕ ಹುಟ್ಟೋಕೆ ಮುಂಚೇನೇ ದೇವರು ತನ್ನವರನ್ನ ಆರಿಸಿಕೊಂಡಿದ್ದಾನೆ ಅಂತ ಹೋದ ಚಳಿಗಾಲ ಪೂರ್ತಿ ಹೇಳಿದ್ರಿ. ನಾನು ಒಂದು ಕಣ್ಣೂ ಮುಚ್ಚದೆ ಕೇಳಿದೀನಿ. ಅವನು ಆರಿಸಿಕೊಂಡಿದ್ರೆ ನಿಮ್ಮ ಬೋಗುಣಿ ನೀರು ಇಲ್ಲ ಅಂತ ಬಿಟ್ಟುಬಿಡ್ತಾನಾ? ನನ್ನ ಸುಳ್ಳನ್ನ ಕೇಳಿ ಹೊಸದಾಗಿ ಆರಿಸಿಕೊಳ್ತಾನಾ?"

ಪಾದ್ರಿಗಳಿಗೆ ಕೋಪ ಬಂತು. ಮಾತು ಸರಿಯಾಗಿತ್ತು, ಅದಕ್ಕೇ ಬಂತು. ಎದ್ದು ಹೋಗಿಬಿಟ್ಟರು.

ನನಗೂ ಬಂತು. ಅಲ್ಲಿಯವರೆಗೆ ನಾನು ಅವಳನ್ನು ಬೈದವಳಲ್ಲ. ಅವತ್ತು ಬೈದೆ. "ನೀನು ತಾಯಿಯಾ, ಕಲ್ಲಾ? ಮಗು ಹೋಗ್ತಾ ಇದೆ ಕಣೇ! ನಿನ್ನ ನಿಜ ಕಟ್ಟಿಕೊಂಡು ಏನು ಮಾಡ್ತೀಯಾ? ಗೋರಿ ಮೇಲೆ ನೆಟ್ಟುಕೊಳ್ತೀಯಾ?"

ಅವಳು ಮಗುವಿನ ಹಾಸಿಗೆಯ ಅಂಚಿಗೆ ಹಣೆ ಒತ್ತಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಅವರು ಇನ್ನೊಂದು ಗಳಿಗೆ ಕೂತಿದ್ದಿದ್ರೆ ಹೇಳಿಬಿಡ್ತಿದ್ದೆ ಅಕ್ಕ," ಎಂದಳು. "ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಸಿಟ್ಟು ಮಾಡ್ಕೊಂಡು ಎದ್ದುಹೋದ್ರು."

ಮೂರನೇ ದಿನ ಹುಲ್ದಾಳ ಗಂಟಲ ಬಾವು ಒಡೆದು ಕೀವು ಹೊರಗೆ ಬಂತು. ಎರಡು ಚಮಚ ಮೆಕ್ಕೆಜೋಳದ ಗಂಜಿ ಕುಡಿದಳು. ದೇವರು ಅವಳ ಪರವಾಗಿ ತೀರ್ಪು ಕೊಟ್ಟ ಎಂದು ಕೆಲವರು ಪಿಸುಗುಟ್ಟಿದರು. ಜೆರುಷಾ ಹಾಗೆ ಹೇಳಲಿಲ್ಲ, ಯಾರಾದರೂ ಹೇಳಿದರೆ ಗದರುತ್ತಿದ್ದಳು. ಹನ್ನೊಂದು ಮಕ್ಕಳ ತಾಯಂದಿರು ಏನು ತಪ್ಪು ಮಾಡಿದ್ದರು ಎಂದು ಕೇಳುತ್ತಿದ್ದಳು.

ಇನ್ನೂ ಎರಡು ವರ್ಷ ಹೀಗೇ ಹೋಯಿತು. ಆಗ ಡೀಕನ್ ಕ್ರೌಚ್‌ರ ಒಬ್ಬಳೇ ಮಗಳು ಅಕ್ಸಾಳ ಮದುವೆಯಾಯಿತು. ಹುಡುಗ ಎನೋಕ್, ಐದು ತಿಂಗಳು ಗಡಿಯ ಕೋಟೆಯಲ್ಲಿ ಕಾವಲಿದ್ದು, ಮದುವೆಗೆ ಎರಡು ದಿನ ಮುಂಚೆ ಊರಿಗೆ ಬಂದ. ಹಿಮಕ್ಕೆ ಎರಡು ಪಾದವೂ ಕಪ್ಪಿಟ್ಟಿದ್ದವು. ಆ ಎರಡು ದಿನ ನನ್ನ ಮನೆಯಲ್ಲೇ ಮಲಗಿಸಿ ಪಾದಕ್ಕೆ ಕೊಬ್ಬು ಸವರಿದವಳು ನಾನು, ಮದುವೆಗೆ ಅವನನ್ನು ಇಬ್ಬರು ಎತ್ತಿಕೊಂಡು ಹೋದರು. ಇಡೀ ಊರಿಗೆ ಇದು ಗೊತ್ತು. ಮದುವೆಯಾಗಿ ಏಳು ತಿಂಗಳು ತುಂಬಲು ಹನ್ನೆರಡು ದಿನ ಇರುವಾಗ ಅಕ್ಸಾಳಿಗೆ ಹೆರಿಗೆಯಾಯಿತು. ಅದೇ ಚೂರುಪಾರು ಉಗುರು, ಅದೇ ಬೆನ್ನ ಮೇಲಿನ ನವಿರು. ಮತ್ತೆ ಬುಟ್ಟಿಗೆ ಉಣ್ಣೆ ತುಂಬಿದೆ.

ಡೀಕನ್ನರು ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪಾದ್ರಿಗಳೇ, ಹುಡುಗ ಊರಲ್ಲೇ ಇರಲಿಲ್ಲವಲ್ಲ, ಬಿಡಿ ಎಂದರು. ಡೀಕನ್ನರು ಬಿಡಲಿಲ್ಲ. ಏಳು ತಿಂಗಳು ಎಂದರೆ ಏಳು ತಿಂಗಳು, ಪೀಕ್ ಮನೆಗೆ ಬಿಡದ್ದನ್ನು ನನ್ನ ಮನೆಗೆ ಬಿಡಲಾರೆ ಎಂದರು. ಮಗಳನ್ನು ನಿಲ್ಲಿಸಿದರು. ಅಕ್ಸಾ ಹಸಿ ಬಾಣಂತಿ, ಬೆಂಚಿನ ಬೆನ್ನು ಹಿಡಿದು ನಿಂತು, ಮಾಡದ ಪಾಪವನ್ನು ಮಾಡಿದೆ ಎಂದಳು. ಅವಳ ಗಂಡ ಊರುಗೋಲಿನ ಮೇಲೆ ನಿಂತು ಅದನ್ನೇ ಹೇಳಿದ. ಮುಂದಿನ ವಾರ ಮಗುವಿಗೆ ನೀರು ಬಿತ್ತು. ಆ ಸುಳ್ಳು ಸಭೆಯ ಪುಸ್ತಕದಲ್ಲಿ ದಾಖಲಾಯಿತು.

ಹದಿನೈದು ದಿನ ಕಳೆದಿರಬೇಕು. ಜೆರುಷಾಳ ಹಿತ್ತಲಲ್ಲಿ ನಾವಿಬ್ಬರೂ ಸಾಬೂನು ಕುದಿಸುತ್ತಿದ್ದೆವು. ಬೂದಿನೀರಿಗೆ ಚಳಿಗಾಲದ ಹಂದಿಕೊಬ್ಬೆಲ್ಲ ಸುರಿದು ಬೆಳಗಿನಿಂದ ತಿರುವುತ್ತಿದ್ದೆವು. ಆ ನಾತ ಕುಡಿದವನ ಅಮಲೂ ಇಳಿಸುವಂಥದ್ದು. ಡೀಕನ್ ಕ್ರೌಚ್ ಬೇಲಿ ದಾಟಿ ಬಂದು ಹೊಗೆ ಬರುವ ಕಡೆಯೇ ನಿಂತರು.

"ಗಾಳಿ ಆ ಕಡೆಗೇ ಇದೆ. ಈ ಕಡೆ ಬನ್ನಿ," ಎಂದಳು ಜೆರುಷಾ.

ಅವರು ಕದಲಲಿಲ್ಲ. ಎಂಟು ವರ್ಷದಲ್ಲಿ ಎಷ್ಟು ಮುದುಕರಾಗಿದ್ದಾರೆ ಎಂದು ನಾನು ಗಮನಿಸಿದ್ದು ಆಗಲೇ.

"ಅಕ್ಸಾ ಅವತ್ತು ಹೇಳಿದ್ದು ಸುಳ್ಳು," ಎಂದರು. "ನಾನೇ ಹೇಳಿಸಿದೆ."

"ಗೊತ್ತು."

"ಅವತ್ತಿಂದ ಅವಳು ನನ್ನ ಮುಖ ನೋಡ್ತಿಲ್ಲ. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡು ಅಂದ್ರೆ, ನನ್ನ ಬಾ‌ಯಿ ಈಗ ಪ್ರಾರ್ಥನೆಗೆ ಲಾಯಕ್ಕಿಲ್ಲ ಅಪ್ಪ, ನೀವೇ ಹಾಳು ಮಾಡಿದ್ರಿ ಅಂತಾಳೆ. ನನ್ನ ಮನೆಗೊಂದು ಅಳತೆ, ಊರಿಗೊಂದು ಅಳತೆ ಆಗಬಾರದು ಅಂತ ಮಾಡಿದ್ದು ನಾನು."

"ಅಳತೆ ಒಂದೇ ಇರಬೇಕು, ಸರಿ," ಎಂದಳು ಜೆರುಷಾ, ತಿರುವುವುದನ್ನು ನಿಲ್ಲಿಸದೆ. "ಅಳತೆಗೋಲೇ ಸೊಟ್ಟಗಿದ್ರೆ?"

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ನೀನು ಹೇಳಿದ್ದೂ ನಿಜವೇ ಆಗಿತ್ತು."

"ನಿಜ ಆಗಿತ್ತು ಅಲ್ಲ. ನಿಜವೇ."

"ಈಗ ನಾನೇನು ಮಾಡ್ಲಿ?"

ಜೆರುಷಾ ಕೋಲನ್ನು ಪಾತ್ರೆಯೊಳಗೇ ಬಿಟ್ಟು ಅವರ ಕಡೆ ತಿರುಗಿದಳು. "ನನ್ನನ್ನ ಕೇಳ್ತೀರಾ ಡೀಕನ್ನರೇ? ಇಷ್ಟು ವರ್ಷ ಇಷ್ಟು ಜನರನ್ನ ನಿಲ್ಲಿಸಿದ್ದೀರಲ್ಲ. ನಿಲ್ಲೋ ಜಾಗ ಯಾವುದು ಅಂತ ನಿಮಗೆ ನಾನು ತೋರಿಸ್ಬೇಕಾ?"

ಅವರು ತಲೆಯಾಡಿಸಿ ಹೊರಟುಹೋದರು. ನನಗೆ ಅವರ ಮೇಲೆ ಕನಿಕರ ಬಂತು. ಜೆರುಷಾಳಿಗೆ ಬರಲಿಲ್ಲ, ಬಂದಿದ್ದರೂ ತೋರಿಸಲಿಲ್ಲ.

ಮುಂದಿನ ಸಬ್ಬತ್ ದಿನ ಪ್ರಸಂಗ ಮುಗಿದ ಮೇಲೆ ಡೀಕನ್ ಕ್ರೌಚ್ ಪ್ರಸಂಗಪೀಠದ ಕೆಳಗಿನ ತಮ್ಮ ಆಸನದಿಂದ ಎದ್ದು ಜನರ ಕಡೆ ತಿರುಗಿ ನಿಂತರು. ಕಾಗದ ಓದಿಸಲಿಲ್ಲ, ತಾವೇ ಹೇಳಿದರು. ಮಗಳಿಂದ ದೇವರ ಮುಂದೆ ಸುಳ್ಳು ಹೇಳಿಸಿದೆ, ಜೆರುಷಾ ಪೀಕ್‌ಳಿಂದಲೂ ಹೇಳಿಸಲು ನೋಡಿದೆ, ಸೂಲಗಿತ್ತಿ ಕಣ್ಣಾರೆ ಕಂಡದ್ದನ್ನು ನಂಬದೆ ದಿನಗಳನ್ನು ನಂಬಿದೆ, ಇದು ನನ್ನ ಪಾಪ, ಕ್ಷಮಿಸಿ ಎಂದರು. ಕ್ಷಮಿಸುವವರು ಕೈ ಎತ್ತಿ ಎಂದು ಪಾದ್ರಿಗಳು ಕೇಳಿದಾಗ ಗಂಡಸರೆಲ್ಲ ಎತ್ತಿದರು. ಪೀಕ್ ದಂಪತಿಯನ್ನು ಮತ್ತೆ ಸೇರಿಸಿಕೊಳ್ಳುವುದಕ್ಕೂ ಎತ್ತಿದರು. ಡೀಕನ್ನರು ದೀಕ್ಷಾಸ್ನಾನದ ತವರದ ಬೋಗುಣಿಯಲ್ಲಿ ನೀರು ತುಂಬಿಸಿ ಮೊದಲೇ ಇಟ್ಟಿದ್ದರು.

ಪಾದ್ರಿಗಳಿಗೆ ಎಂಟು ವರ್ಷದ ಅವಮಾನ ಒಂದೇ ಸಲ ನುಂಗಲು ಕಷ್ಟವಾಯಿತೋ ಏನೋ. "ಸಹೋದರಿ ಪೀಕ್," ಎಂದರು. "ಸಭೆ ನಿಮ್ಮ ಮೇಲಿನ ದೋಷ ತೆಗೆದಿದೆ. ಅವತ್ತು ಸಭೆಯ ನಡುವೆ ಎದ್ದು ಹೋದ್ರಲ್ಲ, ಅದಕ್ಕೆ ಮಾತ್ರ ವಿಷಾದ ಅಂತ ಒಂದು ಮಾತು ಹೇಳಿ. ಮಗಳನ್ನ ಮುಂದೆ ಕರ್ಕೊಂಡು ಬನ್ನಿ."

ಹೇಳಿಬಿಡೇ ಮಾರಾಯ್ತಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದೇ ಮಾತು, ಅದೂ ಅರ್ಧ ನಿಜ.

ಜೆರುಷಾ ಎದ್ದಳು. ಅವಳ ಪಕ್ಕ ಎಂಟು ವರ್ಷದ ಹುಲ್ದಾಳೂ ಎದ್ದಳು. "ಎದ್ದು ಹೋದದ್ದು ನಿಜ, ಅಯ್ಯನವರೇ. ಹಟ ಮಾಡಿದ್ದೂ ನಿಜ. ಆದ್ರೆ ಅದು ಪಾಪ ಅಲ್ಲ. ವಿಷಾದ ಇಲ್ಲ."

ಪಾದ್ರಿಗಳು ಪೀಠದ ಮೇಲಿನ ಬೈಬಲ್ ಮುಚ್ಚಿದರು. ಎಲ್ಲ ಮತ್ತೆ ಮೊದಲಿಗೇ ಬಂತು ಎಂದುಕೊಂಡೆ. ಆಗ ಡೀಕನ್ ಕ್ರೌಚ್ ಬೋಗುಣಿಯನ್ನು ಎರಡು ಕೈಯಲ್ಲೂ ಎತ್ತಿಕೊಂಡರು. ಪಾದ್ರಿಗಳ ಅಪ್ಪಣೆ ಕೇಳಲಿಲ್ಲ, ಅವರ ಮುಖವನ್ನೂ ನೋಡಲಿಲ್ಲ. ನಡುವಿನ ದಾರಿಗೆ ಇಳಿದು, ನೀರು ತುಳುಕದ ಹಾಗೆ ಹೆಜ್ಜೆ ಇಡುತ್ತ, ಹೆಂಗಸರ ಬೆಂಚುಗಳ ಕಡೆಗೆ ಬಂದು ಜೆರುಷಾಳ ಮುಂದೆ ನಿಂತರು. ನೀರು ಅಲ್ಲಿಗೆ ಹೋದ ಮೇಲೆ ಪಾದ್ರಿಗಳು ಪೀಠದ ಮೇಲೆ ನಿಂತು ಮಾಡುವುದಾದರೂ ಏನು? ಒಂದೊಂದೇ ಮೆಟ್ಟಿಲು ಇಳಿದು ಅವರೂ ಬಂದರು.

ಹುಲ್ದಾ ತಾನೇ ಬಾನೆಟ್ ಟೋಪಿ ಬಿಚ್ಚಿ ತಲೆ ಬಾಗಿಸಿದಳು. ಪಾದ್ರಿಗಳು ಹೆಸರು ಹೇಳಿ ನೀರು ಹಾಕಿದರು. ಗಂಡಸರ ಬೆಂಚಿನಲ್ಲಿ ಜೇಬೆಜ್ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದ. ನಾನಂತೂ ಎಲ್ಲರಿಗೂ ಕೇಳುವ ಹಾಗೆ ಅತ್ತೆ.

ಜೆರುಷಾ ಮಗಳ ತಲೆಯನ್ನು ತನ್ನ ಮೇಲಂಗಿಯ ಅಂಚಿನಿಂದ ಒರೆಸಿದಳು. ಪಾದ್ರಿಗಳು ಸ್ವಲ್ಪ ಬಾಗಿ, ಮೆಲ್ಲಗೆ ಕೇಳಿದರು: "ಈಗ ಸಮಾಧಾನ ಆಯ್ತಾ, ಸಹೋದರಿ?"

"ಇನ್ನೂ ಒಂದಿದೆ," ಎಂದಳು. ಮೆಲ್ಲಗೆ ಹೇಳಲಿಲ್ಲ. "ಅಕ್ಸಾ ಹೇಳಿದ ಸುಳ್ಳು ಪುಸ್ತಕದಲ್ಲಿ ಹಂಗೇ ಇದೆ. ಅದನ್ನ ಹೊಡೆದುಹಾಕಿ. ಇಲ್ಲೇ, ಎಲ್ಲರ ಮುಂದೆ. ಅವಳು ಎಲ್ಲರ ಮುಂದೆ ತಾನೆ ನಿಂತಿದ್ದು?"

ಎರಡು ಬೆಂಚು ಮುಂದೆ ಕೈಕೂಸನ್ನು ಹಿಡಿದು ಕೂತಿದ್ದ ಅಕ್ಸಾ ತಿರುಗಿ ನೋಡಿದಳು. ಡೀಕನ್ನರು ಮಗಳ ಕಡೆ ತಿರುಗುವಾಗ ಬೋಗುಣಿಯ ನೀರು ಹಲಗೆಯ ಮೇಲೆ ಚೆಲ್ಲಿತು. ಜೆರುಷಾ ಕೂರಲಿಲ್ಲ, ನಿಂತೇ ಇದ್ದಳು. ಪಾದ್ರಿಗಳು ಅವಳನ್ನು ನೋಡಿದರು, ಅಕ್ಸಾಳನ್ನು ನೋಡಿದರು, ಆಮೇಲೆ ಪುಸ್ತಕವನ್ನೂ ಮಸಿಯನ್ನೂ ತರಲು ಹೇಳಿದರು.